ಶಾಲೆ ಬಿಟ್ಟ ಕಾರಣ

ಮಗಳ ಟಿಸಿಯಲ್ಲಿ ‘ಶಾಲೆ ಬಿಟ್ಟ ಕಾರಣ’ ಅಂತ ಒಂದು ಕಾಲಂ ಇದೆ. ಅದರ ಎದುರು ನೀಲಿ ಇಂಕಿನಲ್ಲಿ ‘ಪಾಲಕರ ಇಚ್ಛೆ’ ಎಂದು ಬರೆದಿದೆ. 2016ರ ಮೇ ತಿಂಗಳು. ಅವಳಿಗೆ ಒಂಬತ್ತೂವರೆ ವರ್ಷ, ನಾಲ್ಕನೇ ಕ್ಲಾಸು ಮುಗಿದಿತ್ತು. ಗುಮಾಸ್ತರು ‘ಮುಂದೆ ಯಾವ ಶಾಲೆ ಮೇಡಂ?’ ಅಂತ ಕೇಳಿದಾಗ ‘ಇನ್ನೂ ನೋಡ್ಬೇಕು’ ಅಂದೆ. ಸುಳ್ಳು. ನೋಡುವುದೇನೂ ಇರಲಿಲ್ಲ. ಇನ್ನು ಮನೆಯಲ್ಲೇ ಓದಿಸುವುದು ಅಂತ ಹಿಂದಿನ ರಾತ್ರಿ ನಾನೂ ನಮ್ಮನೆಯವರೂ ನಿಶ್ಚಯ ಮಾಡಿ ಆಗಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ, ಆರು ವರ್ಷ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕೆಮಿಸ್ಟ್ರಿ ಪಾಠ ಮಾಡಿದ ನನಗೆ, ಆ ಮೇಜಿನ ಎದುರು ಬರಲಿಲ್ಲ.

ನಮ್ಮದು ಶಿರಸಿಯಿಂದ ಹದಿನೆಂಟು ಕಿಲೋಮೀಟರು ಒಳಗಿನ ಊರು. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಮಳೆಗಾಲದಲ್ಲಿ ಕರೆಂಟಿಲ್ಲದ ಮೂರು ತಿಂಗಳು. ಮಗಳು ಮೂರನೇ ಕ್ಲಾಸಿನವರೆಗೆ ಊರ ಕನ್ನಡ ಶಾಲೆಗೇ ಹೋದಳು. ಒಂದರಿಂದ ಐದರವರೆಗೆ ಸೇರಿ ಹನ್ನೊಂದು ಮಕ್ಕಳು, ಇಬ್ಬರು ಮೇಷ್ಟ್ರು. ಆಮೇಲೆ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು, ಪೇಟೆಯ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದೆವು. ಬೆಳಿಗ್ಗೆ ಏಳಕ್ಕೆ ವ್ಯಾನು, ಸಂಜೆ ಆರಕ್ಕೆ ಮನೆ. ಬಂದವಳು ಚೀಲ ಇಟ್ಟು, ಊಟ ಮಾಡಿ, ಹೋಮ್‌ವರ್ಕು ಬರೆಯುತ್ತ ಅಲ್ಲೇ ಮಲಗುತ್ತಿದ್ದಳು. ದೀಪಾವಳಿ ಹೊತ್ತಿಗೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ಯುಗಾದಿ ಹೊತ್ತಿಗೆ ಮಾತಾಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದ್ದಳು. ಶಾಲೆಯವರು ಕೆಟ್ಟವರಲ್ಲ. ನಾವು ಅವಸರದವರು, ಅಷ್ಟೇ.

ಬಿಡಿಸಿದ ಸುದ್ದಿ ಊರಿಗೆ ಗೊತ್ತಾದ ವಾರದಲ್ಲೇ ಕನ್ನಡ ಶಾಲೆಯ ಮೇಷ್ಟ್ರು ಮನೆಗೆ ಬಂದರು. ಕಾಫಿ ಕುಡಿದು, ತೋಟದ ಕೊಳೆ ರೋಗ ಮಾತಾಡಿ, ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದರು: ‘ಐದನೆತ್ತೆಗೆ (ಐದನೇ ಕ್ಲಾಸಿಗೆ) ನಮ್ಮಲ್ಲೇ ಕಳಿಸಿ ಅಕ್ಕಾ. ಒಂದು ತಲೆ ಆದ್ರೂ ಹೆಚ್ಚಾಗ್ತದೆ.’ ಮಕ್ಕಳ ಸಂಖ್ಯೆ ಕುಸಿದರೆ ಮೇಷ್ಟ್ರ ಹುದ್ದೆ ಹೋಗುತ್ತದೆ, ಆಮೇಲೆ ಶಾಲೆಯೇ ಹೋಗುತ್ತದೆ. ಮಲೆನಾಡಿನ ಎಷ್ಟೋ ಶಾಲೆಗಳ ಕಥೆ ಅದು. ನಾನು ಆಗಲಿ ನೋಡೋಣ ಎಂದೆ, ಕಳಿಸಲಿಲ್ಲ. ಎರಡು ವರ್ಷದ ಮೇಲೆ ಆ ಶಾಲೆಗೆ ಬೀಗ ಬಿತ್ತು. ನಮ್ಮ ಒಬ್ಬಳಿಂದ ಅಲ್ಲ ಎಂದು ನಮ್ಮನೆಯವರು ಹೇಳುತ್ತಾರೆ. ನಿಜವೇ ಇರಬಹುದು. ಹೋಮ್‌ಸ್ಕೂಲಿಂಗ್ ಬಗ್ಗೆ ಬರೆಯುವವರು ಮಗುವಿನ ಸ್ವಾತಂತ್ರ್ಯದ ಮಾತು ಬೇಕಾದಷ್ಟು ಆಡುತ್ತಾರೆ, ಈ ‘ಒಂದು ತಲೆ’ಯ ಲೆಕ್ಕವನ್ನು ಯಾರೂ ಬರೆದಿದ್ದು ನಾನು ಓದಿಲ್ಲ. ಅದಕ್ಕೇ ಮೊದಲು ಅದನ್ನು ಬರೆದುಬಿಟ್ಟೆ.

ಕಾನೂನು ಏನು ಹೇಳುತ್ತದೆ ಅಂತ ನೆಂಟರೆಲ್ಲ ಕೇಳಿದರು. 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ. ಆ ಕಾಯ್ದೆಯಲ್ಲಿ ಮನೆಯಲ್ಲಿ ಓದಿಸಬಾರದು ಎಂಬ ಸಾಲೂ ಇಲ್ಲ, ಓದಿಸಬಹುದು ಎಂಬ ಸಾಲೂ ಇಲ್ಲ. ದಿಲ್ಲಿ ಹೈಕೋರ್ಟಿನ ತನಕ ಈ ಪ್ರಶ್ನೆ ಹೋಗಿತ್ತು. ನಮ್ಮಲ್ಲಿಗೆ ಎರಡು ಸಲ ಇಲಾಖೆಯವರು ಬಂದು, ಮಗು ಓದುತ್ತಿರುವುದನ್ನು ನೋಡಿ, ಹೆಸರು ಬರೆದುಕೊಂಡು ಹೋದರು. ಅಷ್ಟಕ್ಕೇ ಮುಗಿಯಿತು.

ಮುಂದಿನ ಐದು ವರ್ಷ ಹೇಗೆ ಓದಿಸಿದೆ ಅಂತ ಕೇಳಿದರೆ ಹೇಳಿಕೊಳ್ಳುವಂಥದ್ದೇನಿಲ್ಲ. ಮೊದಲ ವರ್ಷ ನಾನು ಟೈಮ್‌ಟೇಬಲ್ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೆ. ಅದು ಶಾಲೆಯೇ ಆಗಿತ್ತು, ವ್ಯಾನು ಒಂದಿಲ್ಲ ಅಷ್ಟೇ. ತಾಯಿ ಮೇಷ್ಟ್ರಾದರೆ ಮಗುವಿಗೆ ತಾಯಿಯೂ ಇಲ್ಲ, ಮೇಷ್ಟ್ರೂ ಇಲ್ಲ ಎಂಬುದು ನನಗೆ ತಿಳಿಯಲು ಒಂದು ಮಳೆಗಾಲ ಬೇಕಾಯಿತು. ಎರಡನೇ ವರ್ಷ ಟೈಮ್‌ಟೇಬಲ್ ಹರಿದು ಹಾಕಿದೆ. ಆಗ ಅವಳು ಓದಿದಳು, ಏನು ಸಿಕ್ಕಿದರೂ ಓದಿದಳು. ಚಿತ್ರ ಬಿಡಿಸಿದಳು, ಅದರಲ್ಲೂ ಎಲೆ, ತೊಗಟೆ, ಹುಳ. ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ದಿನ ಅಜ್ಜನ ಪಕ್ಕ ಕೂತು ಯಾವ ಮರ ಎಷ್ಟು ಕೊನೆ ಎಂದು ಬರೆದಳು. ಸೊಸೈಟಿಯ ಬಿಲ್ಲಿನಲ್ಲಿ ಕ್ವಿಂಟಲ್ಲು, ದರ, ಕಮಿಷನ್ ನೋಡಿ ಶೇಕಡಾ ಕಲಿತಳು. ಕೇಳಲು ಚೆಂದ. ಆದರೆ ಎರಡು ವರ್ಷ ಬೀಜಗಣಿತ ಅನ್ನುವುದು ನಮ್ಮ ಮನೆಗೆ ಕಾಲಿಡಲೇ ಇಲ್ಲ. ಅದರ ಬೆಲೆಯನ್ನು ಮುಂದೆ ತೆತ್ತಿದ್ದೇವೆ.

ಮಾವನವರು ಮಾತ್ರ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದರು: ‘ಕೂಸಿನ ಕೈಯಲ್ಲಿ ಒಂದು ಕಾಗ್ದ ಇರವು.’

ಅವರು ಮುಲ್ಕಿ ಪಾಸು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಏಳನೆತ್ತೆಯ ಕೊನೆಗೆ ಬರುತ್ತಿದ್ದ ಪರೀಕ್ಷೆ ಅದು. ಅದನ್ನು ಪಾಸಾದವರು ಮೇಷ್ಟ್ರೇ ಆಗಬಹುದಿತ್ತು. ಮಾವನವರು ಮೇಷ್ಟ್ರಾಗಲಿಲ್ಲ, ತೋಟ ಮಾಡಿದರು. ಆದರೂ ಆ ಸರ್ಟಿಫಿಕೇಟು ಗಾಜು ಹಾಕಿಸಿಕೊಂಡು ದೇವರ ಫೋಟೋಗಳ ಸಾಲಿನಲ್ಲೇ ಇದೆ. ಎಪ್ಪತ್ತು ವರ್ಷದಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ, ತೋರಿಸಬೇಕಾದ ಪ್ರಸಂಗವೂ ಬರಲಿಲ್ಲ. ‘ಹಾಗಾದರೆ ಅದು ಯಾಕೆ ಬೇಕು ಅಜ್ಜ?’ ಅಂತ ಮಗಳು ಕೇಳಿದ್ದಕ್ಕೆ ಅವರು, ಕೇಳುವವರು ಬಂದ ದಿನ ಹುಡುಕಲಿಕ್ಕೆ ಹೋದರೆ ಸಿಗುವ ವಸ್ತುವಲ್ಲ ಅದು, ಎಂದಿದ್ದರು.

2020ರ ಡಿಸೆಂಬರಿನಲ್ಲಿ ಅವಳಿಗೆ ಹದಿನಾಲ್ಕು ತುಂಬಿತು. ಕಾಗದದ ದಾರಿ ಹುಡುಕಲು ಕೂತೆ.

ಮೂರು ದಾರಿ ಇದ್ದವು. ಒಂದು, ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಊರ ಕಡೆ ಅದಕ್ಕೆ ‘ಎಕ್ಸ್‌ಟರ್ನಲ್ ಕಟ್ಟೋದು’ ಎನ್ನುತ್ತಾರೆ. ಆರು ವಿಷಯವೂ ಅವರು ಹೇಳಿದ್ದೇ, ನಮ್ಮ ಆಯ್ಕೆ ಏನೂ ಇಲ್ಲ. ಎರಡನೆಯದು, ಬೆಂಗಳೂರಿನ ಹೋಮ್‌ಸ್ಕೂಲ್ ಮನೆಗಳಲ್ಲಿ ಹೆಚ್ಚು ಕೇಳಿಬರುವ ಕೇಂಬ್ರಿಜ್‌ನ ಐಜಿಸಿಎಸ್‌ಇ, ಹತ್ತನೇ ಕ್ಲಾಸಿಗೆ ಸಮನಾದ ಪರೀಕ್ಷೆ. ಅದರ ಪರೀಕ್ಷಾ ಶುಲ್ಕವನ್ನು ನೋಡಿ ನಮ್ಮನೆಯವರು, ಈ ವರ್ಷ ಚಾಲಿ ಅಡಿಕೆಯ ದರ ಹೆಚ್ಚಾದರೂ ಸಾಲದು ಅಂದರು. ಮೂರನೆಯದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ.

ಇದರ ಹಿನ್ನೆಲೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮಂಥವರು ಇದನ್ನು ನಮಗಾಗಿಯೇ ಇಟ್ಟ ಬಾಗಿಲು ಅಂದುಕೊಂಡು ನುಗ್ಗುತ್ತೇವೆ. 1979ರಲ್ಲಿ ಸಿಬಿಎಸ್‌ಇ ಒಂದು ಪ್ರಯೋಗವಾಗಿ ಮುಕ್ತ ಶಾಲೆ ಶುರು ಮಾಡಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ, 1989ರ ನವೆಂಬರಿನಲ್ಲಿ ಅದು ಸ್ವತಂತ್ರ ಸಂಸ್ಥೆಯಾಗಿ ನ್ಯಾಷನಲ್ ಓಪನ್ ಸ್ಕೂಲ್ ಆಯಿತು. ಮರುವರ್ಷ ತಾನೇ ಪರೀಕ್ಷೆ ನಡೆಸಿ ಸರ್ಟಿಫಿಕೇಟು ಕೊಡುವ ಅಧಿಕಾರ ಸಿಕ್ಕಿತು. ಈಗಿನ ಹೆಸರು ಬಂದದ್ದು 2002ರಲ್ಲಿ. ಇಷ್ಟೂ ವರ್ಷ ಅದರ ಕಣ್ಣ ಮುಂದೆ ಇದ್ದವರು ಕೂಲಿಗೆ ಹೋದ ಹುಡುಗರು, ಬೇಗ ಮದುವೆಯಾದ ಹುಡುಗಿಯರು, ಅಂಗವಿಕಲರು, ಶಾಲೆ ಎಂಬುದು ಕೈತಪ್ಪಿ ಹೋದವರು. ಮಾರ್ಕೆಟ್ಟಿನಲ್ಲಿ ಪುಸ್ತಕ ಆರಿಸುವಂತೆ ಶಿಕ್ಷಣ ಆರಿಸುವ ತೋಟದ ಮನೆಯವರು ಅದರ ಲೆಕ್ಕದಲ್ಲಿ ಇರಲಿಲ್ಲ.

ಅದಕ್ಕೇ ಇರಬೇಕು, ಅದರ ನಿಯಮಗಳಲ್ಲಿ ಒಂಥರಾ ಕರುಣೆ ಇದೆ. ಹತ್ತನೇ ತರಗತಿಗೆ ಸಮನಾದ ಹಂತಕ್ಕೆ ಸೇರಲು ವಯಸ್ಸು ಹದಿನಾಲ್ಕು ಆಗಿರಬೇಕು, ಹುಟ್ಟಿದ ದಿನಾಂಕಕ್ಕೆ ದಾಖಲೆ ಬೇಕು. ಎಂಟನೆಯ ತರಗತಿಯ ಮಾರ್ಕ್ಸ್ ಕಾರ್ಡ್ ಇಲ್ಲದಿದ್ದರೆ? ಈ ಪಾಠಗಳನ್ನು ಓದುವಷ್ಟು ತಿಳಿವಳಿಕೆ ನನಗಿದೆ ಎಂದು ವಿದ್ಯಾರ್ಥಿಯೇ ಬರೆದು ಸಹಿ ಮಾಡಿದರೆ ಸಾಕು. ಅರ್ಜಿ ತುಂಬುವಾಗ ಆ ಜಾಗ ಬಂದಾಗ ಮಗಳು ಕೇಳಿದಳು, ‘ಆಯಿ, ನಂಗೆ ಗೊತ್ತಿದ್ದು ಅಂತ ನಾನೇ ಹೇಳಿದ್ರೆ ಅವು ನಂಬ್ತ್ವಾ?’ ನಂಬುತ್ತಾರೆ. ಜಾತಿಗೆ, ಆದಾಯಕ್ಕೆ, ವಾಸಕ್ಕೆ, ಬದುಕಿದ್ದೇವೆ ಎಂಬುದಕ್ಕೂ ಮತ್ತೊಬ್ಬರ ಮೊಹರು ಕೇಳುವ ದೇಶದಲ್ಲಿ, ನಿನ್ನ ತಿಳಿವಳಿಕೆಗೆ ನೀನೇ ಸಹಿ ಹಾಕು ಅನ್ನುವ ಕಾಗದ ಇನ್ನೊಂದು ಇದ್ದರೆ ತಿಳಿದವರು ಹೇಳಬೇಕು.

ಇನ್ನೂ ಚಿಕ್ಕ ಮಕ್ಕಳಿಗೆ ಎ, ಬಿ, ಸಿ ಎಂಬ ಮೂರು ಹಂತ ಇವೆ. ಮೂರು, ಐದು, ಎಂಟನೆಯ ತರಗತಿಗಳಿಗೆ ಸಮ. ನಾವು ಅದರ ತಂಟೆಗೆ ಹೋಗಲಿಲ್ಲ.

ಐದು ವಿಷಯ ಪಾಸಾಗಬೇಕು. ಅದರಲ್ಲಿ ಒಂದು ಭಾಷೆ ಇರಲೇಬೇಕು, ಎರಡು ಇರಬಹುದು. ಉಳಿದದ್ದು ನಮ್ಮ ಇಷ್ಟ. ಚಿತ್ರಕಲೆ, ಗೃಹ ವಿಜ್ಞಾನ, ಮನೋವಿಜ್ಞಾನ, ಭಾರತೀಯ ಸಂಸ್ಕೃತಿ ಮತ್ತು ಪರಂಪರೆ, ಕರ್ನಾಟಕ ಸಂಗೀತ, ಡೇಟಾ ಎಂಟ್ರಿ, ಈಚೆಗೆ ಭಾರತೀಯ ಸಂಜ್ಞಾ ಭಾಷೆ ಕೂಡ. ಪಟ್ಟಿ ನೋಡಿ ಮಗಳು ಜಾತ್ರೆಯಲ್ಲಿ ಬಳೆ ಅಂಗಡಿ ಕಂಡವಳ ಹಾಗೆ ಆದಳು. ಕನ್ನಡ, 208 ಎಂಬ ಕೋಡ್ ನಂಬರಿನ ಕನ್ನಡ, ಅದನ್ನು ಮೊದಲು ಬರೆದಳು. ಆಮೇಲೆ ಇಂಗ್ಲಿಷು, ಚಿತ್ರಕಲೆ, ಸಂಸ್ಕೃತಿ ಮತ್ತು ಪರಂಪರೆ, ಗೃಹ ವಿಜ್ಞಾನ. ಗಣಿತ ಇಲ್ಲ, ವಿಜ್ಞಾನ ಇಲ್ಲ.

ಎನ್‌ಐಒಎಸ್ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಗಣಿತ ಇಲ್ಲದೆ ಹತ್ತನೇ ಕ್ಲಾಸು ಪಾಸಾಗುವ ಅವಕಾಶ ಎಷ್ಟೋ ಮಕ್ಕಳ ಜೀವ ಉಳಿಸಿದೆ, ನಾನು ಅದನ್ನು ಹಗುರವಾಗಿ ಆಡುವುದಿಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗಿ ಇವತ್ತು ಬಿಟ್ಟ ವಿಷಯ, ಹದಿನಾರಕ್ಕೆ ಸೈನ್ಸ್ ಬೇಕು ಅಂದಾಗ ಬಾಗಿಲಲ್ಲಿ ಅಡ್ಡ ನಿಲ್ಲುತ್ತದೆ. ಗಿಡಮರ ಬಿಟ್ಟರೆ ಬೇರೆ ಲೋಕವಿಲ್ಲದ ಹುಡುಗಿ ವಿಜ್ಞಾನ ಬಿಡುವುದೆಂದರೇನು? ಮೂರು ದಿನ ಜಗಳವಾಯಿತು. ಐದು ವರ್ಷ ಸ್ವಾತಂತ್ರ್ಯ ಎಂದು ಭಾಷಣ ಬಿಗಿದವಳು ಆಯ್ಕೆ ಬಂದ ಕೂಡಲೇ ಮೇಷ್ಟ್ರಾದೆ ಎಂದು ಅವಳು ಅತ್ತಳು. ಸರಿಯಾದ ಮಾತು. ಆದರೂ ನಾನು ಬಿಡಲಿಲ್ಲ. ಕೊನೆಗೆ ಸಂಸ್ಕೃತಿ ಮತ್ತು ಗೃಹ ವಿಜ್ಞಾನ ಹೋಗಿ, ಗಣಿತ ಮತ್ತು ವಿಜ್ಞಾನ-ತಂತ್ರಜ್ಞಾನ ಬಂದವು. ಈ ಬರಹ ಓದುತ್ತಿರುವ ತಾಯ್ತಂದೆಯರಲ್ಲಿ ಯಾರಾದರೂ ಈ ಘಟ್ಟದಲ್ಲಿದ್ದರೆ, ಮುಂದೆ ಯಾವ ಪಿಯು ಕಾಂಬಿನೇಶನ್ನಿಗೆ ಯಾವ ವಿಷಯ ಕೇಳುತ್ತಾರೆ ಎಂದು ಮೊದಲು ಹೋಗಿ ವಿಚಾರಿಸಿ, ಆಮೇಲೆ ವಿಷಯ ಆರಿಸಿ.

ಅರ್ಜಿ ಆನ್‌ಲೈನ್. ಒಂದು ಅಧ್ಯಯನ ಕೇಂದ್ರ ಆರಿಸಬೇಕು, ನಾವು ಹುಬ್ಬಳ್ಳಿಯದನ್ನು ಆರಿಸಿದೆವು. ಪುಸ್ತಕ ಬಂದವು, ದಪ್ಪ ದಪ್ಪ. ಮೇಷ್ಟ್ರಿಲ್ಲದೆ ಓದುವವರಿಗೆಂದೇ ಬರೆದ ಪಾಠಗಳು. ಪ್ರತಿ ಎರಡು ಪುಟಕ್ಕೆ ನಿಲ್ಲಿಸಿ ಪ್ರಶ್ನೆ ಕೇಳುತ್ತವೆ, ಉತ್ತರ ಪಾಠದ ಕೊನೆಯಲ್ಲಿ. ಭಾಷೆ ಒಣ. ಆದರೆ ಕೆಮಿಸ್ಟ್ರಿ ಪಾಠ ಮಾಡಿದವಳಾಗಿ ಹೇಳುತ್ತೇನೆ, ಹೇಳುವ ಕ್ರಮ ಚೆನ್ನಾಗಿದೆ. ಪ್ರತಿ ವಿಷಯಕ್ಕೂ ಟಿಎಂಎ ಎಂಬ ಮನೆಯಲ್ಲಿ ಬರೆದು ಕೊಡುವ ಉತ್ತರಗಳು, ಅದಕ್ಕೆ ಶೇಕಡ 20 ಅಂಕ. ಕೊರೊನಾ ವರ್ಷ ಆದ್ದರಿಂದ ಕೈಬರಹವನ್ನು ಫೋಟೋ ತೆಗೆದು ಅಪ್‌ಲೋಡ್ ಮಾಡಬೇಕಾಗಿತ್ತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬರುವುದು ಬೆಟ್ಟದ ಮೇಲೆ, ಒಂದು ಮತ್ತಿ ಮರದ ಬುಡದಲ್ಲಿ. ಅಪ್ಪ ಮಗಳು ಕೊಡೆ ಹಿಡಿದುಕೊಂಡು ಹೋಗಿ, ಶೇಕಡ ತೊಂಬತ್ತೆಂಟಕ್ಕೆ ನಿಂತ ಅಪ್‌ಲೋಡನ್ನು ನೋಡುತ್ತ, ಕಾಲಿಗೆ ಹತ್ತಿದ ಉಂಬಳ ಕೀಳುತ್ತ ನಿಂತಿರುತ್ತಿದ್ದರು.

ಪಾಸಿಗೆ ನೂರಕ್ಕೆ 33. ಎಲ್ಲ ವಿಷಯ ಒಟ್ಟಿಗೆ ಬರೆಯಬೇಕೆಂದಿಲ್ಲ. ನೋಂದಣಿ ಐದು ವರ್ಷ ನಡೆಯುತ್ತದೆ, ವರ್ಷಕ್ಕೆ ಎರಡು ಪರೀಕ್ಷೆಯಂತೆ ಒಂಬತ್ತು ಅವಕಾಶ. ಪಾಸಾದ ವಿಷಯ ಪಾಸಾಗಿಯೇ ಉಳಿಯುತ್ತದೆ, ಹೋದ ವಿಷಯ ಮಾತ್ರ ಮತ್ತೆ. ಬೇರೆ ಬೋರ್ಡಿನಲ್ಲಿ ಪಾಸಾದ ಎರಡು ವಿಷಯಗಳವರೆಗೆ ಇಲ್ಲಿಗೆ ತಂದುಕೊಳ್ಳಲೂಬಹುದು. ಬೇಡಿಕೆ ಪರೀಕ್ಷೆ ಎಂದು ಇನ್ನೊಂದು ವ್ಯವಸ್ಥೆ ಇದೆ: ದಿನ ನಾವೇ ಗೊತ್ತು ಮಾಡಿಕೊಳ್ಳುವುದು, ಒಂದೇ ಕೋಣೆಯಲ್ಲಿ ಕೂತವರಿಗೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆಪತ್ರಿಕೆಯನ್ನು ಕಂಪ್ಯೂಟರು ಪ್ರಶ್ನೆಗಳ ಭಂಡಾರದಿಂದ ಜೋಡಿಸಿ ಕೊಡುವುದು. ಈ ನಿಯಮಗಳನ್ನೆಲ್ಲ ಮಾವನವರಿಗೆ ಓದಿ ಹೇಳಿದೆ. ಅವರಿಗೆ ಒಂದೇ ಅನುಮಾನ: ‘ಇದು ಸರ್ಕಾರದ್ದೇಯಾ?’

ಆ ಅನುಮಾನ ದಡ್ಡತನವಲ್ಲ. ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನ ಸುತ್ತ ಗೋಡೆಗಳ ಮೇಲೆ ‘ಹತ್ತನೇ ನೇರ ಪಾಸ್, ಗ್ಯಾರಂಟಿ’ ಅನ್ನುವ ಚೀಟಿ ಎಷ್ಟು ಬೇಕು. ಅಂಥ ಒಂದು ನಂಬರಿಗೆ ಕುತೂಹಲಕ್ಕೆ ಫೋನ್ ಮಾಡಿದೆ. ‘ಹುಡುಗಿ ಬರೂದ ಬ್ಯಾಡ್ರಿ ಮೇಡಂ, ಫೋಟೋ ಅಷ್ಟ ಕಳಿಸ್ರಿ’ ಅಂದರು. ಮುಕ್ತ ಶಾಲೆಯ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡು ನಕಲಿ ಬೋರ್ಡುಗಳೂ ಅಂಗಡಿ ತೆರೆದಿವೆ. ದುಡ್ಡು ಹೋಗುವುದು ಒಂದು ಕಡೆ, ವರ್ಷಗಳ ಮೇಲೆ ಆ ಕಾಗದ ಹಿಡಿದು ಕೆಲಸಕ್ಕೆ ಹೋದಾಗ ಆಗುವ ಅವಮಾನ ಇನ್ನೊಂದು ಕಡೆ. ಮುಕ್ತ ಶಾಲೆ ಎಂದರೆ ಕಳ್ಳದಾರಿ ಎಂದು ಜನ ಅಂದುಕೊಂಡಿರುವುದಕ್ಕೆ ಈ ಅಂಗಡಿಗಳೇ ಅರ್ಧ ಕಾರಣ. ಇನ್ನರ್ಧ, ಫೇಲಾದವರು ಮಾತ್ರ ಅಲ್ಲಿಗೆ ಹೋಗುವುದು ಎಂಬ ನಮ್ಮ ಹಮ್ಮು.

ನನಗೂ ಆ ಹಮ್ಮು ಇತ್ತು. ಅಧ್ಯಯನ ಕೇಂದ್ರಕ್ಕೆ ಮೊದಲ ಸಲ ಹೋದಾಗ ಅಲ್ಲಿಯವರು ಅರ್ಜಿ ನೋಡುತ್ತ, ‘ಯಾವ ಸಬ್ಜೆಕ್ಟಿನಾಗ ಹೋಗಿತ್ತು?’ ಎಂದು ಮಾಮೂಲಿಯಾಗಿ ಕೇಳಿದರು. ನಾನು ಥಟ್ಟನೆ, ‘ಇಲ್ಲ ಇಲ್ಲ, ನಮ್ಮದು ಹೋಮ್‌ಸ್ಕೂಲಿಂಗ್, ಅವಳು ಫೇಲಾಗಿಲ್ಲ’ ಅಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಅಂದೆ. ಹಿಂದೆ ಸಾಲಿನಲ್ಲಿ ನಿಂತವರು ನಾಲ್ಕೈದು ಜನ ಇದ್ದರು. ಆ ಮಾತು ಅವರಿಗೆ ಹೇಗೆ ಕೇಳಿಸಿತೋ ಎಂದು ಆವಾಗ ಹೊಳೆಯಲಿಲ್ಲ.

2022ರ ಏಪ್ರಿಲ್. ಮೊದಲ ಸರದಿಗೆ ಮೂರು ವಿಷಯ ಬರೆಯುವುದೆಂದು ತೀರ್ಮಾನ: ಕನ್ನಡ, ಇಂಗ್ಲಿಷ್, ಚಿತ್ರಕಲೆ. ಹುಬ್ಬಳ್ಳಿ ವಿದ್ಯಾನಗರದಲ್ಲಿ ನನ್ನ ಚಿಕ್ಕಮ್ಮನ ಮನೆ ಇದೆ. ಪರೀಕ್ಷೆ ವಾರಗಟ್ಟಲೆ ಹರಡಿರುತ್ತದೆ, ನಮ್ಮ ವಿಷಯ ಇದ್ದ ದಿನದ ಹಿಂದಿನ ದಿನ ಮುಂಡಗೋಡದ ಮೇಲೆ ಹೋಗುವ ಬಸ್ಸು ಹತ್ತುತ್ತಿದ್ದೆವು. ಪರೀಕ್ಷೆ ಮಧ್ಯಾಹ್ನ ಎರಡೂವರೆಗೆ. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನ ಎಂದರೆ ಮಲೆನಾಡಿನವರಿಗೆ ಅದೇ ಒಂದು ಪರೀಕ್ಷೆ.

ಗೇಟಿನ ಹೊರಗೆ ಒಂದು ಬೇವಿನ ಮರ. ಅದರ ಕೆಳಗೆ ಎಲ್ಲರೂ ಹಾಲ್ ಟಿಕೆಟ್ ಹಿಡಿದು ಕಾಯುವುದು. ಶಾಲೆ ಪರೀಕ್ಷೆಯ ಗೇಟಿನಲ್ಲಿ ಒಂದೇ ವಯಸ್ಸಿನ, ಒಂದೇ ಬಣ್ಣದ ಬಟ್ಟೆಯ ಮಕ್ಕಳು ಇರುತ್ತಾರಲ್ಲ, ಇಲ್ಲಿ ಹಾಗಲ್ಲ. ಖಾನಾವಳಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ, ರಾತ್ರಿ ಪಾಳಿ ಮುಗಿಸಿ ಬಂದು ಮರಕ್ಕೆ ಒರಗಿ ನಿದ್ದೆ ಹೊಡೆಯುತ್ತಿದ್ದ. ಯಾರಾದರೂ ಎಬ್ಬಿಸಿ ಎಂದು ಎಲ್ಲರಿಗೂ ಹೇಳಿಟ್ಟಿದ್ದ. ಯಾವುದೋ ಕಚೇರಿಯ ಜವಾನರು, ತಲೆ ಅರ್ಧ ಬೆಳ್ಳಗಾದವರು, ಬಡ್ತಿಗೆ ಹತ್ತನೇ ಕ್ಲಾಸು ಬೇಕಂತೆ. ಕಿವಿ ಕೇಳದ ಇಬ್ಬರು ಅಣ್ಣತಮ್ಮಂದಿರು ಕೈಯಲ್ಲೇ ಏನೋ ಜೋರು ವಾದ ಮಾಡುತ್ತಿದ್ದರು. ಒಬ್ಬ ತಾಯಿ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಮಗುವಿಗೆ ಹಾಲು ಕುಡಿಸಿ ತನ್ನ ತಂಗಿಯ ಕೈಗೆ ಕೊಟ್ಟು, ಸೆರಗಿನ ತುದಿಯಿಂದ ಪೆನ್ನು ಬಿಚ್ಚಿಕೊಂಡಳು. ಕನ್ನಡ ಪರೀಕ್ಷೆಯ ದಿನ ಅವಳದ್ದೂ ನನ್ನ ಮಗಳದ್ದೂ ನಂಬರು ಹಿಂದೆಮುಂದೆ.

ಅವಳು ಮಗಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, ‘ನೀ ಯಾಕವಾ, ಇಷ್ಟ ಸಣ್ಣಾಕಿ, ಸಾಲಿ ಬಿಟ್ಟಿ?’

ಮಗಳು ಹೇಳಿದಳು, ‘ಬಿಟ್ಟಿದ್ದಲ್ಲ ಅಕ್ಕಾ. ಮನೇಲೇ ಓದಿದ್ದು.’

ಅವಳು ಒಂದು ಕ್ಷಣ ಸುಮ್ಮನಿದ್ದು, ನಂಬಲಾಗದವಳ ಹಾಗೆ ನನ್ನ ಕಡೆಗೂ ಒಂದು ಸಲ ನೋಡಿ, ‘ಮನ್ಯಾಗ ಓದಾಕ ಬಿಡ್ತಾರಾ?’ ಅಂದಳು.

ಗಂಟೆ ಹೊಡೆಯಿತು, ಒಳಗೆ ಹೋದರು. ನಾನು ಮೂರು ತಾಸು ಆ ಮರದ ಕೆಳಗೆ ಅವಳ ತಂಗಿಯ ಜೊತೆ ಕೂತೆ. ಮಗು ಒಂದು ಸಲ ಎದ್ದು ಅತ್ತಾಗ ನಾನೂ ಸ್ವಲ್ಪ ಹೊತ್ತು ಎತ್ತಿಕೊಂಡೆ. ತಂಗಿ ಹೇಳಿದ್ದು: ಅಕ್ಕ ಏಳನೆತ್ತೆಗೆ ಶಾಲೆ ಬಿಟ್ಟವಳು, ಗಂಡನ ಮನೆಯವರಿಗೆ ತವರಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದಾಳೆ, ಪುಸ್ತಕಗಳು ತವರಿನಲ್ಲೇ ಇವೆ, ಗಂಡನ ಮನೆಯಲ್ಲಿ ಜೋಳದ ಡಬ್ಬಿಯ ಹಿಂದೆ ಒಂದನ್ನಷ್ಟೇ ಇಟ್ಟುಕೊಂಡು ಎಲ್ಲರೂ ಮಲಗಿದ ಮೇಲೆ ಓದುವುದು. ನಾವು ಐದು ವರ್ಷ ‘ಮನೆಯಲ್ಲೇ ಓದು’ ಎನ್ನುವುದನ್ನು ಒಂದು ಪತಾಕೆಯ ಹಾಗೆ ಎತ್ತಿ ಹಿಡಿದಿದ್ದೆವು. ಓದಿಗೆ ಅತ್ಯಂತ ದೂರದ ಜಾಗ ಯಾವುದು ಎಂದರೆ ಮನೆ ಎಂದು ಹೇಳುವವಳು ನನ್ನ ಮಗಳ ಹಿಂದಿನ ಬೆಂಚಿನಲ್ಲಿ ಕೂತು ಅದೇ 208 ಕೋಡಿನ ಕನ್ನಡ ಬರೆಯುತ್ತಿದ್ದಳು. ಇಬ್ಬರಿಗೂ ಅದೇ ಪ್ರಶ್ನೆಪತ್ರಿಕೆ, ಅದೇ 33.

ಅವಳ ಮುಂದಿನ ವಿಷಯ ನಮ್ಮದಲ್ಲ, ಮತ್ತೆ ಸಿಗಲಿಲ್ಲ. ಮಗಳು ಆಮೇಲೆ ಫೇಲ್, ಪಾಸ್ ಬಗ್ಗೆ ಯಾರೇ ಕೇಳಿದರೂ ‘ನಾವು ಹೋಮ್‌ಸ್ಕೂಲಿಂಗ್’ ಅನ್ನುವುದನ್ನು ಬಿಟ್ಟಳು. ಓಪನ್ ಸ್ಕೂಲು, ಅಷ್ಟೇ ಹೇಳುತ್ತಾಳೆ.

ಮೂರೂ ವಿಷಯ ಪಾಸಾದವು. ಚಿತ್ರಕಲೆಯಲ್ಲಿ ತೊಂಬತ್ತರ ಮೇಲೆ. ಅಕ್ಟೋಬರಿನ ಸರದಿಗೆ ಗಣಿತ ಮತ್ತು ವಿಜ್ಞಾನ. ಆ ಬೇಸಿಗೆ, ಮಳೆಗಾಲ ಎರಡೂ ಬೀಜಗಣಿತಕ್ಕೆ ಹೋಯಿತು. ಬಿಟ್ಟ ಎರಡು ವರ್ಷದ ಬಾಕಿಯನ್ನು ಬಡ್ಡಿ ಸಮೇತ ಕಟ್ಟಿದ ಹಾಗೆ. ನಾನು ಕಲಿಸಲಿಲ್ಲ, ಕಲಿಸಿದರೆ ಜಗಳ. ಊರ ಶಾಲೆಗೆ ಬೀಗ ಬಿದ್ದ ಮೇಲೆ ಬೇರೆ ಕಡೆ ವರ್ಗವಾಗಿ ಹೋಗಿದ್ದ ಅದೇ ಮೇಷ್ಟ್ರು, ಭಾನುವಾರ ಭಾನುವಾರ ಬೈಕಿನಲ್ಲಿ ಬಂದು ಹೇಳಿಕೊಟ್ಟರು. ದುಡ್ಡು ಮುಟ್ಟಲಿಲ್ಲ, ಸಿಪ್ಪೆಗೋಟು ಅಡಿಕೆ ಎರಡು ಕೇಜಿ ಮತ್ತು ಜೇನುತುಪ್ಪ ಒಯ್ದರು. ಗಣಿತದಲ್ಲಿ 51 ಬಂತು. ಮಾವನವರು ಗಾಂಧಿ ಕ್ಲಾಸು ದಾಟಿತಲ್ಲ ಸಾಕು ಎಂದು, ಮುಲ್ಕಿ ಸರ್ಟಿಫಿಕೇಟಿನ ಪಕ್ಕ ಗೋಡೆಗೆ ಎರಡನೇ ಮೊಳೆ ಹೊಡೆಸಿದರು. ಫ್ರೇಮು ಹಾಕಿಸಲು ನಾನು ಬಿಡಲಿಲ್ಲ, ಪಿಯು ಕಾಲೇಜಿಗೆ ಅದರ ಅಸಲು ಬೇಕಿತ್ತು.

ಕಾಲೇಜಿನ ಕೌಂಟರಿನಲ್ಲಿ ಮೊದಲ ಪ್ರಶ್ನೆ: ‘ಇದು ಯಾವ ಬೋರ್ಡು?’ ಎರಡನೆಯದು: ‘ಟಿಸಿ ಎಲ್ಲಿ?’ ಎನ್‌ಐಒಎಸ್ ತಾನೇ ಮೈಗ್ರೇಶನ್ ಮತ್ತು ಟಿಸಿ ಎರಡನ್ನೂ ಸೇರಿಸಿ ಒಂದೇ ಕಾಗದ ಕೊಡುತ್ತದೆ. ಅದನ್ನು ಅವರು ತಿರುವಿ ಮುರುವಿ ನೋಡಿದರು. ‘ಹಾಜರಿ ಎಷ್ಟು?’ ಅಂತಲೂ ಒಂದು ಪ್ರಶ್ನೆ ಬಂತು. ಮೂರು ದಿನ ಓಡಾಡಿ, ಪ್ರಿಂಟ್‌ಔಟ್ ಕೊಟ್ಟು, ಪ್ರಿನ್ಸಿಪಾಲರನ್ನು ಕಂಡು 2023ರ ಜೂನಿನಲ್ಲಿ ಪಿಸಿಎಂಬಿ ಸೇರಿದಳು. ಅವಳಿಗೆ ಪಾಠ ಕಷ್ಟವಾಗಲಿಲ್ಲ, ಪಾಠದ ಮಧ್ಯೆ ಗಂಟೆ ಹೊಡೆದು ನಿಲ್ಲಿಸುವುದು ಕಷ್ಟವಾಯಿತು. ಗೆಳತಿಯರು ಸಿಕ್ಕರು. ನಾನು ಕೊಡಲಾಗದೇ ಹೋಗಿದ್ದು ಅದೊಂದು, ಅದನ್ನು ಅವಳು ಎರಡೇ ತಿಂಗಳಲ್ಲಿ ತಾನೇ ಸಂಪಾದಿಸಿಕೊಂಡಳು.

ನೆಂಟರು ತಪ್ಪದೆ ಕೇಳುವ ಪ್ರಶ್ನೆ, ಮುಕ್ತ ಶಾಲೆಯಲ್ಲಿ ಓದಿದವರು ಡಾಕ್ಟರಾಗಬಹುದೇ ಎಂದು. ಹನ್ನೆರಡನೆಯ ತರಗತಿಯನ್ನು ಮುಕ್ತ ಶಾಲೆಯಲ್ಲಿ ಮುಗಿಸಿದವರನ್ನು ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಿಂದ ಹೊರಗಿಡುವ ನಿಯಮವೊಂದಿತ್ತು. 2018ರಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ಹೊಡೆದುಹಾಕಿತು, 2024ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಆ ವಿವಾದ ಮುಗಿದು ದಾರಿ ತೆರೆಯಿತು. ನಮಗೆ ಅದು ಬೇಕಾಗಿರಲಿಲ್ಲ. ನಮಗೆ ಬೇಕಿದ್ದದ್ದು ಮನೆಯಿಂದ ಹದಿನೆಂಟೇ ಕಿಲೋಮೀಟರು ದೂರದ ಶಿರಸಿಯ ಅರಣ್ಯ ಮಹಾವಿದ್ಯಾಲಯ. ಹತ್ತು ವರ್ಷದಿಂದ ಅವಳು ಬಸ್ಸಿನ ಕಿಟಕಿಯಿಂದ ನೋಡುತ್ತ ಬಂದ ಗೇಟು. ಅದಕ್ಕೆ ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಬರೆಯಬೇಕು. ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಒಂದರಿಂದ ಹನ್ನೆರಡರ ಒಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಪ್ರತಿ ವರ್ಷಕ್ಕೂ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ ಬಿಇಒ ಅವರ ಮೇಲುಸಹಿ.

ಊಟದ ಮೇಲೆ ಮಗಳು ಬೆರಳು ಮಡಚಿದಳು. ಕನ್ನಡ ಶಾಲೆ ಮೂರು. ಪೇಟೆ ಶಾಲೆ ಒಂದು. ಪಿಯು ಎರಡು. ಆರು.

ಹುಟ್ಟಿದ್ದು ಶಿರಸಿ, ಬೆಳೆದದ್ದು ಶಿರಸಿ, ಹುಬ್ಬಳ್ಳಿಗಿಂತ ಆಚೆ ಹೋದದ್ದು ನಾಲ್ಕು ಸಲ. ಕರ್ನಾಟಕದಲ್ಲಿ ಓದಿದ್ದು ಆರು ವರ್ಷ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆ ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಕೇಳಿದ ಒಂದು ವರ್ಷವನ್ನು ಕೊಟ್ಟಿದ್ದರೆ ಏಳಾಗುತ್ತಿತ್ತು.

ಬೆಳಗ್ಗೆ ನಮ್ಮನೆಯವರು ಸಿಇಟಿ ಕೈಪಿಡಿಯನ್ನು ಮತ್ತೆ ಮೊದಲಿಂದ ಓದಿದರು. ಮೊದಲ ಕಲಮಿನ ಕೆಳಗೆ ಎರಡನೆಯದು: ಅಭ್ಯರ್ಥಿ ಪಿಯು ಎರಡೂ ವರ್ಷ ಇಲ್ಲೇ ಓದಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ ಆದೀತು. ಇವರು ಓದಿದ್ದು ಸೋದರಮಾವನ ಮನೆಯಲ್ಲಿದ್ದುಕೊಂಡು, ಗೋವಾದಲ್ಲಿ. ಉಳಿದವಳು ನಾನು.

ಸೀಟಿನ ಕಥೆ ಉದ್ದ ಮಾಡುವುದಿಲ್ಲ. ರ‍್ಯಾಂಕು ಅಷ್ಟು ಮುಂದೆ ಬರಲಿಲ್ಲ, ಈಗ ಬಿಎಸ್ಸಿಯಲ್ಲಿ ಬಾಟನಿ ಓದುತ್ತಿದ್ದಾಳೆ, ಹುಳದ ಚಿತ್ರ ಈಗಲೂ ಬಿಡಿಸುತ್ತಾಳೆ. ಆದರೆ ಆ ಕಾಗದಕ್ಕಾಗಿ ಮೂವತ್ತಮೂರು ವರ್ಷದ ಮೇಲೆ ನಾನು ಯಲ್ಲಾಪುರ ತಾಲೂಕಿನ ನನ್ನ ಹಳೆಯ ಶಾಲೆಗೆ ಹೋದೆ. ಪುಣ್ಯಕ್ಕೆ ಅದು ಇನ್ನೂ ತೆರೆದಿದೆ. ಹೆಡ್‌ಮಾಸ್ತರರು ನನಗಿಂತ ಚಿಕ್ಕವರು. ಬೀರುವಿನಿಂದ ದಾಖಲಾತಿ ರಿಜಿಸ್ಟರು ತೆಗೆದು, ಧೂಳು ಜಾಡಿಸಿ, 1985ರ ಪುಟ ಬಿಡಿಸಿದರು. ನನ್ನ ಹೆಸರು, ಅಪ್ಪಯ್ಯನ ಸಹಿ. ಪುಟದ ಬಲತುದಿಯಲ್ಲಿ ‘ಶಾಲೆ ಬಿಟ್ಟ ಕಾರಣ’. ನನ್ನ ಸಾಲಿನಲ್ಲಿ ‘ಮುಂದಿನ ವ್ಯಾಸಂಗ’ ಎಂದಿತ್ತು. ನನ್ನ ಮೇಲಿನ ಹೆಸರು, ಒಂದೇ ಮಣೆಯಲ್ಲಿ ಕೂರುತ್ತಿದ್ದವಳು, ಐದನೆತ್ತೆ, ‘ಮನೆಗೆಲಸ’. ಕೆಳಗಿನವಳದ್ದೂ ‘ಮನೆಗೆಲಸ’. ಅದರ ಕೆಳಗೆ ‘,,’ ಎಂದು ಎರಡು ಗೆರೆ, ಅದರ ಕೆಳಗೂ ಎರಡು ಗೆರೆ. ಬರೆದು ಬರೆದು ಬೇಸರ ಬಂದಿರಬೇಕು ಮೇಷ್ಟ್ರಿಗೆ.

‘ಏಳು ವರ್ಷ ಸರಿಯಾಗಿ ಆಗ್ತದೆ ನೋಡಿ’ ಎಂದು ಹೆಡ್‌ಮಾಸ್ತರರು ಮೊಹರು ಒತ್ತಿದರು. ‘ಬಿಇಒ ಸಾಹೇಬ್ರು ಇವತ್ತು ಮೀಟಿಂಗಿಗೆ ಹೋಗಿದ್ದಾರೆ. ಸಹಿಗೆ ಸೋಮವಾರ ಬನ್ನಿ.’